ಪದಾರ್ಥ

ತಾತ ತೀರಿಕೊಂಡ ಬೆಳಿಗ್ಗೆ, ಮುಂಬಯಿಯಲ್ಲಿದ್ದ ಚಿಕ್ಕಪ್ಪನಿಗೆ ತಂತಿ ಕೊಡಲು ನನ್ನನ್ನು ಅಂಚೆ ಕಚೇರಿಗೆ ಕಳಿಸಿದ್ದರು. ನಾನು ಬರೆದುಕೊಂಡು ಹೋಗಿದ್ದ ಒಕ್ಕಣೆ ಉದ್ದವಾಗಿತ್ತು. ಯಾವ ಹೊತ್ತಿಗೆ ಉಸಿರು ನಿಂತಿತು, ಬಾಯಿಗೆ ನೀರು ಬಿಟ್ಟವರು ಯಾರು, ಕೊನೆಗೆ ಅವರು ಗೌರಿ ಗೌರಿ ಎಂದು ಎಂದೋ ಮಾರಿಹೋಗಿದ್ದ ಹಸುವಿನ ಹೆಸರು ಹಿಡಿದು ಕರೆದದ್ದು, ಎಲ್ಲವೂ ಅದರಲ್ಲಿತ್ತು. ಕಿಟಕಿಯ ಆಚೆಗಿದ್ದ ಗುಮಾಸ್ತರು ಪೆನ್ನಿನ ತುದಿಯನ್ನು ಒಂದೊಂದೇ ಪದದ ಮೇಲೆ ಊರುತ್ತ ಎಣಿಸಿದರು. ‘ಇಷ್ಟೆಲ್ಲ ಬೇಡ ಮರಿ, ದುಡ್ಡು ದಂಡ’ ಎಂದು ನಾಲ್ಕು ಇಂಗ್ಲಿಷ್ ಪದಗಳಲ್ಲಿ ಸಾವನ್ನು ಬರೆದು ಮುಗಿಸಿದರು. ಪದಕ್ಕೆ ಬೆಲೆಯುಂಟು ಎಂದು ನನಗೆ ಮೊದಲು ತಿಳಿದದ್ದು ಅಂದು. ಆದರೆ ಆ ಬೆಲೆಯಲ್ಲಿ ಒಂದು ಬಗೆಯ ಸಮದೃಷ್ಟಿ ಇತ್ತೆಂದು ಈಗ ಅನ್ನಿಸುತ್ತದೆ. ಮರಣಕ್ಕೂ ಮದುವೆಗೂ, ಹಡೆದ ಸುದ್ದಿಗೂ ಹಣ ಕಳಿಸೆಂಬ ಕೋರಿಕೆಗೂ ಪದವೊಂದಕ್ಕೆ ಅದೇ ದರ. ಗುಮಾಸ್ತರು ಪದಗಳನ್ನು ಎಣಿಸುತ್ತಿದ್ದರು, ತೂಗುತ್ತಿರಲಿಲ್ಲ. 2013ರ ಜುಲೈ ತಿಂಗಳಲ್ಲಿ ತಂತಿ ಸೇವೆಯನ್ನೇ ನಿಲ್ಲಿಸಿದಾಗ, ಬಹುಕಾಲದಿಂದ ಅದನ್ನು ಬಳಸದಿದ್ದ ನಾವು ಯಾರೂ ಅದಕ್ಕಾಗಿ ಅಷ್ಟೇನೂ ಮರುಗಲಿಲ್ಲ.

ಮೊನ್ನೆ ಬೆಂಗಳೂರಿನಲ್ಲಿ ಅಕ್ಕನ ಮಗನ ಮನೆಯಲ್ಲಿದ್ದಾಗ ಆ ಕಿಟಕಿ ಮತ್ತೆ ನೆನಪಾಯಿತು. ಅವನ ಕೆಲಸ ಜಾಹೀರಾತಿನದು. ಅಂಗಡಿಗಳ ಪರವಾಗಿ ಹುಡುಕುತಾಣದಲ್ಲಿ ಪದಗಳಿಗೆ ಬೆಲೆ ಕೂಗುವುದು. ತೆರೆಯ ಮೇಲೆ ಉದ್ದನೆಯ ಪಟ್ಟಿಯೊಂದಿತ್ತು. ಎಡಕ್ಕೆ ಪದಗಳು, ಅವುಗಳ ಮುಂದೆ ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಎಂಬ ಅಂಕಿಗಳು. ನಾನು ಓದುತ್ತಿದ್ದುದನ್ನು ಕಂಡು, ‘ಇವು ಪದಗಳಲ್ಲ ಮಾವ, ಕೀವರ್ಡು’ ಎಂದ. ತಿದ್ದಿದ ಹಾಗೆ ಹೇಳಲಿಲ್ಲ, ಸುಮ್ಮನೆ ಹೇಳಿದ. ಒಂದೇ ಪದದ ಏಕವಚನಕ್ಕೊಂದು ಬೆಲೆ, ಬಹುವಚನಕ್ಕೊಂದು ಬೆಲೆ. ನಿಘಂಟಿನಲ್ಲಿ ಪದಗಳು ಅಕಾರಾದಿಯಾಗಿ, ಅರಸನ ಪಕ್ಕದಲ್ಲೇ ಅರಳೆಯಂತೆ, ಯಾರು ಹೆಚ್ಚು ಯಾರು ಕಡಿಮೆ ಎಂಬ ಮಾತಿಲ್ಲದೆ ಕುಳಿತಿರುತ್ತವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಪುಸ್ತಕಕ್ಕೆ ಬೆಲೆಯಿತ್ತು, ಪದಗಳಿಗೆ ಇರಲಿಲ್ಲ.

ಈ ಸಂತೆ ನೆರೆದು ಬಹಳ ಕಾಲವೇನೂ ಆಗಿಲ್ಲ. 1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಎಂಬ ಉದ್ಯಮಿ ‘ಗೋಟು’ ಎಂಬ ಹುಡುಕುತಾಣ ತೆರೆದು, ಜನ ಹುಡುಕುವ ಪದವನ್ನೇ ಹರಾಜಿಗಿಟ್ಟರು. ಹೆಚ್ಚು ಕೂಗಿದವರ ಹೆಸರು ಮೇಲೆ. ಗೂಗಲ್ ತನ್ನ ಜಾಹೀರಾತು ಸೇವೆಯನ್ನು 2000ದಲ್ಲಿ ಆರಂಭಿಸಿ, 2002ರಲ್ಲಿ ಹರಾಜಿನ ದಾರಿಗೆ ಬಂದಿತು. ಅಲ್ಲಿ ಗೆದ್ದವನು ತಾನು ಕೂಗಿದಷ್ಟನ್ನೇ ತೆರಬೇಕಾಗಿಲ್ಲ. ತನಗಿಂತ ಕೆಳಗಿನವನನ್ನು ಮೀರಲು ಎಷ್ಟು ಬೇಕೋ ಅಷ್ಟು ಕೊಟ್ಟರೆ ಸಾಕು. ಇದನ್ನು ಹೋಲುವ ಹರಾಜಿನ ಗಣಿತವನ್ನು 1961ರಷ್ಟು ಹಿಂದೆಯೇ ಬರೆದಿಟ್ಟಿದ್ದ ವಿಲಿಯಂ ವಿಕ್ರಿ, 1996ರಲ್ಲಿ ನೊಬೆಲ್ ಘೋಷಣೆಯಾದ ಮೂರನೆಯ ದಿನ ತೀರಿಕೊಂಡರು. ಮನುಷ್ಯರ ಮಾತೇ ಹರಾಜಿಗೆ ಬಂದದ್ದನ್ನು ಅವರು ಕಾಣಲಿಲ್ಲ. ಊರಿನ ಹರಾಜಿಗೆ ಒಂದು ದಿನ, ಒಂದು ಕಟ್ಟೆ, ಕೂಗುವವನ ಕಂಠ ಎಂದಾದರೂ ಇರುತ್ತದೆ. ಇಲ್ಲಿ ಯಾರಾದರೂ ಪದವೊಂದನ್ನು ಬರೆದು ಗುಂಡಿ ಒತ್ತಿದಾಗಲೆಲ್ಲ, ಉತ್ತರ ಮೂಡುವುದರೊಳಗೆ ಹರಾಜು ಹುಟ್ಟಿ ಮುಗಿದಿರುತ್ತದೆ. ಬರೆದವನಿಗೆ ಅದರ ಸದ್ದೂ ಕೇಳುವುದಿಲ್ಲ.

ಅತ್ಯಂತ ದುಬಾರಿ ಪದಗಳ ಸಾಲಿನಲ್ಲಿ ಬಹುಕಾಲ ನಿಂತ ಒಂದು ಪದ ‘ಮೀಸೊಥೆಲಿಯೋಮ’. ಕಲ್ನಾರಿನ ಧೂಳು ಒಳಹೊಕ್ಕವರಿಗೆ ಶ್ವಾಸಕೋಶದ ಹೊದಿಕೆಯಲ್ಲಿ ಬರುವ ಅರ್ಬುದ ರೋಗ ಅದು. ಹಡಗುಕಟ್ಟೆಯಲ್ಲೋ ಕಾರ್ಖಾನೆಯಲ್ಲೋ ಯೌವನದಲ್ಲಿ ಸೇವಿಸಿದ ಧೂಳು ಇಪ್ಪತ್ತು, ಮೂವತ್ತು, ಕೆಲವೊಮ್ಮೆ ನಲವತ್ತು ವರ್ಷ ಸುಮ್ಮನಿದ್ದು, ಮನುಷ್ಯ ನಿವೃತ್ತನಾಗಿ ಮೊಮ್ಮಕ್ಕಳನ್ನು ಆಡಿಸುವ ಹೊತ್ತಿಗೆ ತಲೆಯೆತ್ತುತ್ತದೆ. ಅಮೆರಿಕದಲ್ಲಿ ಇದಕ್ಕೆ ದೊಡ್ಡ ಮೊತ್ತದ ಪರಿಹಾರವುಂಟು. ಅದರಲ್ಲಿ ವಕೀಲರಿಗೆ ಪಾಲುಂಟು. ಆದ್ದರಿಂದ ಆ ಪದವನ್ನು ಹುಡುಕಿ ಬಂದವರು ಜಾಹೀರಾತನ್ನು ಒಮ್ಮೆ ಒತ್ತಿದರೆ ಸಾಕು, ವಕೀಲರ ಸಂಸ್ಥೆಗಳು ನೂರಾರು ಡಾಲರು ತೆರಲು ಸಿದ್ಧ. ಹೀಗೆ ಒತ್ತುವವರು ಯಾರಿರಬಹುದು ಎಂದು ಯೋಚಿಸುತ್ತೇನೆ. ವೈದ್ಯರು ಚೀಟಿಯಲ್ಲಿ ಬರೆದುಕೊಟ್ಟ, ಅದುವರೆಗೆ ಬಾಯಲ್ಲಿ ಆಡದ ಒಂದು ಪದವನ್ನು ರಾತ್ರಿ ಎಲ್ಲರೂ ಮಲಗಿದ ಮೇಲೆ ಅಕ್ಷರ ಅಕ್ಷರ ಕೂಡಿಸಿ ಬರೆಯುವ ಹೆಂಡತಿ, ಮಗಳು. ಅವರಿಗೆ ಬೇಕಾದದ್ದು ಆ ಪದದ ಅರ್ಥ. ಅರ್ಥವೆಂದರೆ ಧನವೂ ಹೌದೆಂಬುದು ನಮ್ಮ ಭಾಷೆಗೆ ಎಂದಿನಿಂದಲೋ ಗೊತ್ತು. ಪದದ ಅರ್ಥವನ್ನೇ ಪದಾರ್ಥವೆಂದು ಕರೆದು, ಆ ಮಾತನ್ನು ಅಂಗಡಿಯ ಸಾಮಾನಿಗೂ ಅಡುಗೆಮನೆಯ ಪಲ್ಯಕ್ಕೂ ಬಳಸಿಕೊಂಡವರು ನಾವು. ಆದರೂ ಆ ಎರಡು ಅರ್ಥಗಳು ಇಷ್ಟು ಹತ್ತಿರ, ಒಬ್ಬಳ ಬೆರಳಿನ ಕೆಳಗೆ, ಸೇರಿದ್ದು ಹಿಂದೆ ಎಂದಾದರೂ ಇತ್ತೆ? ಬಿಕರಿಯಾಗುತ್ತಿರುವುದು ಪದವೇ ಅಲ್ಲವೇನೋ. ಪದದ ಹಿಂದೆ ನಿಂತಿರುವ ಭಯಕ್ಕೆ, ಅಗತ್ಯಕ್ಕೆ ಬೆಲೆ ಕಟ್ಟಲಾಗುತ್ತಿದೆ. ಪದ ಅದನ್ನು ಕಟ್ಟಿಹಾಕಿದ ಗೂಟ ಮಾತ್ರ.

2002ರಲ್ಲಿಯೇ ಫ್ರಾನ್ಸಿನ ಕಲಾವಿದ ಕ್ರಿಸ್ತೋಫ್ ಬ್ರೂನೊ ಈ ಸಂತೆಯಲ್ಲಿ ಕನಸು, ರೋಗಲಕ್ಷಣ ಮುಂತಾದ ಕೆಲವು ಇಂಗ್ಲಿಷ್ ಪದಗಳನ್ನು ಕೊಂಡು, ಅವುಗಳನ್ನು ಹುಡುಕಿದವರಿಗೆ ಜಾಹೀರಾತಿನ ಜಾಗದಲ್ಲಿ ಪುಟ್ಟ ಪುಟ್ಟ ಕವಿತೆಗಳು ಕಾಣುವಂತೆ ಮಾಡಿದರು. ಮಾರಲು ಅವರ ಬಳಿ ಏನೂ ಇರಲಿಲ್ಲ. ಸಾವಿರಾರು ಮಂದಿಗೆ ಕವಿತೆ ಕಂಡಿತು, ಒತ್ತಿದವರು ಕೆಲವೇ ಕೆಲವರು. ಒತ್ತುವವರಿಲ್ಲವೆಂಬ ಕಾರಣಕ್ಕೆ ಗೂಗಲ್ ಅದನ್ನು ನಿಲ್ಲಿಸಿತು. ಹಗೆಯಿಂದ ನಿಲ್ಲಿಸಿದ್ದಲ್ಲ. ಅಲ್ಲಿ ಕೂಗಿದ ಬೆಲೆಯ ಜೊತೆಗೆ ಜನ ಒತ್ತುವ ಸಾಧ್ಯತೆಯೂ ಲೆಕ್ಕಕ್ಕೆ ಬರುತ್ತದೆ, ಓದಿ ಸುಮ್ಮನಾಗುವವರು ಯಾವ ಲೆಕ್ಕಕ್ಕೂ ಬರುವುದಿಲ್ಲ. ಓದಿ ಸುಮ್ಮನಾಗುವುದಕ್ಕಲ್ಲದೆ ಕವಿತೆ ಮತ್ತೇತಕ್ಕೆ? ಮುಂದೆ ಬ್ರಿಟನ್ನಿನ ಪಿಪ್ ಥಾರ್ನ್‌ಟನ್ ಎಂಬ ಸಂಶೋಧಕಿ, ಕವಿತೆಯ ಒಂದೊಂದು ಪದಕ್ಕೂ ಈ ಪೇಟೆಯ ದರ ಹಾಕಿ, ಅಂಗಡಿಯ ರಸೀದಿಯಂತೆ ಅಚ್ಚು ಹಾಕಿ ತೋರಿಸಿದರು. ವರ್ಡ್ಸ್‌ವರ್ತನ ಹಳದಿ ಹೂವುಗಳ ಕವಿತೆಯಲ್ಲಿ ಮೋಡಕ್ಕೆ ಒಳ್ಳೆಯ ಬೆಲೆ ಬಂತು. ಅದು ಬೆಟ್ಟದ ಮೇಲೆ ಒಂಟಿಯಾಗಿ ತೇಲುವ ಮೋಡಕ್ಕೆ ಬಂದ ಬೆಲೆಯಲ್ಲ, ಗಣಕಗಳ ಲೋಕ ಎರವಲು ಪಡೆದು ಹಿಂದಿರುಗಿಸದೆ ಉಳಿಸಿಕೊಂಡ ‘ಕ್ಲೌಡ್’ಗೆ ಬಂದದ್ದು.

ಕನ್ನಡದ ಪದಗಳು ಇನ್ನೂ ಈ ಪಟ್ಟಿಯ ಅಂಚಿನಲ್ಲಿವೆ. ಅನೇಕ ಪದಗಳ ಮುಂದೆ ಅಂಕಿಯಿಲ್ಲ, ಸಣ್ಣ ಅಡ್ಡಗೆರೆಯಷ್ಟೇ. ಆ ಅಡ್ಡಗೆರೆಯನ್ನು ನೋಡಿ ಮೊದಲು ನೆಮ್ಮದಿಯಾಯಿತು, ಆಮೇಲೆ ಆಗಲಿಲ್ಲ. ಮಾರಾಟವಾಗದ್ದು ಉಳಿಯಿತು ಎನ್ನುವ ಹಾಗೂ ಇಲ್ಲ; ಯಾರೂ ಹುಡುಕದ ಪದಕ್ಕೂ ಅದೇ ಗೆರೆ. ಪಟ್ಟಿಯ ಕೆಳಗೆ ಬೇಡದ ಪದಗಳ ಇನ್ನೊಂದು ಪಟ್ಟಿ ಇತ್ತು. ಇಂಥ ಪದ ಸೇರಿಸಿ ಹುಡುಕಿದವರಿಗೆ ನಮ್ಮ ಜಾಹೀರಾತು ಕಾಣದಿರಲಿ ಎಂದು ಅಂಗಡಿಯವರು ಮೊದಲೇ ಹೇಳಿಡುವ ಪದಗಳಂತೆ. ‘ಉಚಿತ’ ಅವುಗಳಲ್ಲಿ ಮೊದಲನೆಯದು. ಉಚಿತವೆಂದರೆ ಯೋಗ್ಯವಾದದ್ದು ಎಂಬ ಹಳೆಯ ಅರ್ಥ ಬಹುಶಃ ಆ ಪಟ್ಟಿ ಮಾಡಿದವರಿಗೆ ಹೊಳೆದಿರಲಾರದು. ನನಗೂ ತಡವಾಗಿ ಹೊಳೆಯಿತು.

ಹೊರಡುವ ಮೊದಲು, ಏಕೆಂದು ತಿಳಿಯದೆ, ‘ಗೌರಿ ಅಂತ ಹಾಕಿ ನೋಡು’ ಎಂದೆ. ಅವನು ಬರೆದ. ‘ಗೌರಿಗೆ ರೇಟಿದೆ ಮಾವ’ ಎಂದು ನಕ್ಕ. ‘ಹಬ್ಬ ಹತ್ತಿರ ಬಂದ ಹಾಗೆ ಸೀರೆ ಅಂಗಡಿಯವರು ಇನ್ನೂ ಏರಿಸ್ತಾರೆ.’ ಹಸುವಿನ ವಿಷಯ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಮುಂದಿನ ಸಾಲಿಗೆ ಹೋಗಿದ್ದ.