ಸವಣೂರಿನ ಗಿಡದ ಹಿಂದಿನ ಆಡು

ಮಕ್ಕಳನ್ನು ಮಧ್ಯಾಹ್ನ ಮಲಗಿಸುವುದು ರಾತ್ರಿ ಮಲಗಿಸಿದಷ್ಟು ಸಲೀಸಲ್ಲ. ರಾತ್ರಿಗೆ ಕತ್ತಲೆಯ ಒತ್ತಾಸೆ ಇರುತ್ತದೆ. ಮಟಮಟ ಮಧ್ಯಾಹ್ನ ಅಂಗಳದಲ್ಲಿ ಕೋಳಿ ಕೆದರುತ್ತಿರುತ್ತವೆ, ಓಣಿಯಲ್ಲಿ ಯಾರದೋ ಟ್ರ್ಯಾಕ್ಟರ್ ಹೋಗುತ್ತದೆ, ಎದುರು ಮನೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತವರ ಮಾತು ಕೇಳುತ್ತದೆ. ಜಗತ್ತೆಲ್ಲ ಎಚ್ಚರವಿರುವಾಗ ತಾನೊಬ್ಬಳೇ ಯಾಕೆ ಕಣ್ಣು ಮುಚ್ಚಬೇಕೆಂಬುದು ಕೂಸಿನ ತಕರಾರು. ಅದರಲ್ಲಿ ನ್ಯಾಯವೂ ಇದೆ. ಹಾಗಾಗಿ ಹಿರೇಬೆಂಡಿಗೇರಿಯ ನಮ್ಮ ಮನೆಯಲ್ಲಿ ಇದಕ್ಕೊಂದು ಕ್ರಮ ಬೆಳೆದಿತ್ತು. ತಲಬಾಗಿಲನ್ನು ಅರ್ಧ ಮುಂದೆ ಮಾಡುವುದು, ಪಡಸಾಲೆಯಲ್ಲಿ ಕೌದಿ ಹಾಸುವುದು, ಆಮೇಲೆ ಮಗಳು ಕೌದಿಯ ಯಾವುದಾದರೊಂದು ತೇಪೆಯ ಮೇಲೆ ಬೆರಳಿಡುವುದು. ಅವಳು ಬೆರಳಿಟ್ಟ ಬಣ್ಣದಿಂದಲೇ ಅವತ್ತಿನ ಕಥೆ ಹುಟ್ಟಬೇಕು. ಕೆಂಪು ತೇಪೆಯಾದರೆ ಮೆಣಸಿನಕಾಯಿ ಹೊಲದ ಕಥೆ; ಅತ್ತೆಯ ಹಳೇ ಇಲಕಲ್ ಸೀರೆಯ ಅಂಚಾದರೆ ರಾಣಿಯ ಕಥೆ. ಹಸಿರು ಬಂದರೆ ಆಡಿನ ಕಥೆ, ಮತ್ತು ಅವಳ ಬೆರಳು ಹೆಚ್ಚಾಗಿ ಹಸಿರನ್ನೇ ಹುಡುಕಿಕೊಂಡು ಹೋಗುತ್ತಿತ್ತು.

“ಒಂದೂರಾಗ ಒಂದು ಆಡು ಇತ್ತು.”

“ಹೂಂ.”

“ಅದಕ್ಕ ಎಲಿ ಅಡಿಕಿ ತಿನ್ನೋ ಚಟ.”

“ಹೂಂ.”

“ಎಲಿ ತರಾಕಂತ ಸವಣೂರ ಸಂತಿಗೆ ಹೊಂಟ್ತು. ಅಲ್ಲಿ ಮಳಿ ಬಂತು. ದೊಡ್ಡಹುಣಸಿ ಗಿಡದ ಹಿಂದ ಹೋಗಿ ನಿಂತ್ಕೊಂತು.”

ಸವಣೂರಿನ ವೀಳ್ಯದೆಲೆ ಹೆಸರುವಾಸಿಯಾದದ್ದು. ದೊಡ್ಡಹುಣಸೆ ಮರಗಳೂ ಅಷ್ಟೇ. ಆಫ್ರಿಕಾ ಮೂಲದ ಆ ಮರಗಳು ಆನೆಯ ಮೈಯಂಥ ಕಾಂಡ ಹೊತ್ತು ಅಲ್ಲಿನ ಮಠದ ಆವರಣದಲ್ಲಿ ತಲೆತಲಾಂತರದಿಂದ ನಿಂತಿವೆ. ಅಷ್ಟು ಮಾತ್ರ ನಿಜ. ಉಳಿದದ್ದೆಲ್ಲ ನಾನು ಆ ಕ್ಷಣಕ್ಕೆ ಕಟ್ಟಿದ್ದು. ಎಲೆ ಅಡಿಕೆ ಹಾಕುವ ಆಡು ಎಲ್ಲೂ ಇಲ್ಲ ಎಂದು ನನಗೆ ಗೊತ್ತು. ನಾಲ್ಕು ವರ್ಷದವಳಿಗೆ ಗೊತ್ತಿತ್ತೇ? ಅವಳ ಆ “ಹೂಂ” ಯಾವ ಬಗೆಯ ಅರಿವು?

ಈ ಪ್ರಶ್ನೆಗೆ ಉತ್ತರ ನಮ್ಮ ತರ್ಕಶಾಸ್ತ್ರದ ಒಂದು ಮೂಲೆಯಲ್ಲಿದೆ. ಸಾಮಾನ್ಯವಾಗಿ ನಾವು ಲೆಕ್ಕ ಹಾಕುವುದು ಹೀಗೆ: ಇದ್ದದ್ದನ್ನು ಇದ್ದಂತೆ ತಿಳಿದರೆ ಸತ್ಯಜ್ಞಾನ, ಇಲ್ಲದ್ದನ್ನು ಇದೆ ಎಂದು ತಿಳಿದರೆ ಭ್ರಾಂತಿ. ಮಬ್ಬುಗತ್ತಲಲ್ಲಿ ಹಗ್ಗ ಹಾವಾಗಿ ಕಾಣುವುದು ಭ್ರಾಂತಿಯ ಹಳೆಯ ಉದಾಹರಣೆ. ಈ ಲೆಕ್ಕದಲ್ಲಿ ಕಥೆ ಕೇಳುವ ಮಗು ಭ್ರಾಂತಿಯಲ್ಲಿರಬೇಕು, ಹೇಳುವ ತಾಯಿ ಸುಳ್ಳುಗಾರ್ತಿಯಾಗಿರಬೇಕು. ಎರಡೂ ಸರಿಯೆನಿಸುವುದಿಲ್ಲ. ನವ್ಯನ್ಯಾಯದ ಪಂಡಿತರಿಗೂ ಹಾಗೇ ಅನಿಸಿರಬೇಕು. ಅವರು ಇನ್ನೊಂದು ಬಗೆಯ ಅರಿವನ್ನು ಗುರುತಿಸಿ ಅದನ್ನು ‘ಆಹಾರ್ಯ ಜ್ಞಾನ’ ಎಂದರು. ಬಯಲಾಟದ ವೇಷಭೂಷಣದ ಆಹಾರ್ಯವಲ್ಲ ಇದು, ತರ್ಕದ ಆಹಾರ್ಯ. ಒಂದು ಸಂಗತಿ ಹಾಗಿಲ್ಲವೆಂದು ಖಚಿತವಾಗಿ ಗೊತ್ತಿದೆ. ಆ ತಿಳಿವು ಮನಸ್ಸಿನಲ್ಲಿ ಇರುವಾಗಲೇ, ಬೇಕೆಂದೇ, ಅದು ಹಾಗಿದೆ ಎಂದು ಭಾವಿಸುವುದು. ಅವರ ಶಾಲೆಯ ಉದಾಹರಣೆ ಕೆರೆ ಮತ್ತು ಬೆಂಕಿಯದು. ಕೆರೆಯ ನೀರಿನಲ್ಲಿ ಬೆಂಕಿ ಇರುವುದಿಲ್ಲ ಎಂದು ತಿಳಿದವನಿಗೆ ‘ಕೆರೆಯಲ್ಲಿ ಬೆಂಕಿ ಇದೆ’ ಎಂಬ ನಂಬಿಕೆ ಬರಲಾರದು, ಮೊದಲ ತಿಳಿವು ಎರಡನೆಯದನ್ನು ತಡೆಯುತ್ತದೆ. ಆದರೆ ಅವನು ಇಚ್ಛೆಪಟ್ಟರೆ ಕೆರೆಯಲ್ಲಿ ಬೆಂಕಿ ಹಚ್ಚಿ ನೋಡಬಲ್ಲ. ಆಗ ಆ ತಡೆ ಕೆಲಸ ಮಾಡುವುದಿಲ್ಲ.

ಈ ವ್ಯಾಖ್ಯೆಯಲ್ಲಿ ಎರಡು ಕೀಲುಗಳಿವೆ: ಇಲ್ಲವೆಂಬ ತಿಳಿವು ಮತ್ತು ಇಚ್ಛೆ. ತಿಳಿವು ಹೋದರೆ ಅದು ಭ್ರಾಂತಿ. ಇಚ್ಛೆ ಹೋದರೆ ಏನು ಎಂಬುದಕ್ಕೆ ಆಮೇಲೆ ಬರುತ್ತೇನೆ.

ತರ್ಕದವರಿಗೆ ಇಂಥ ಆಟದ ಅರಿವು ಯಾಕೆ ಬೇಕಾಯಿತು? ಅವರ ಕಸುಬೇ ಅದರ ಮೇಲೆ ನಿಂತಿತ್ತು. ಗುಡ್ಡದ ಮೇಲೆ ಹೊಗೆ ಕಾಣುತ್ತಿದೆ, ಆದರೂ ಒಬ್ಬ ಬೆಂಕಿ ಇರಲಿಕ್ಕಿಲ್ಲ ಎನ್ನುತ್ತಾನೆ. ಅವನಿಗೆ ಹೇಳುತ್ತೇವೆ: ಸರಿಯಪ್ಪ, ಬೆಂಕಿ ಇಲ್ಲ ಅಂತಲೇ ಇಟ್ಟುಕೊಳ್ಳೋಣ, ಹಾಗಾದರೆ ಹೊಗೆಯೂ ಇರಬಾರದಿತ್ತಲ್ಲ. ಈ ‘ಇಟ್ಟುಕೊಳ್ಳೋಣ’ ಒಂದು ಪುಟ್ಟ ಕಥೆ. ಇದಕ್ಕೇ ಶಾಸ್ತ್ರದಲ್ಲಿ ತರ್ಕವೆಂದು ಹೆಸರು. ಪಾಠಶಾಲೆಗಳಲ್ಲಿ ಇಂದಿಗೂ ಮೊದಲ ಪಾಠವಾಗಿರುವ ಅನ್ನಂಭಟ್ಟನ ‘ತರ್ಕಸಂಗ್ರಹ’ ಅಯಥಾರ್ಥವಾದ ಅನುಭವವನ್ನು ಮೂರಾಗಿ ವಿಂಗಡಿಸುತ್ತದೆ: ಸಂಶಯ, ವಿಪರ್ಯಯ, ತರ್ಕ. ವಿಪರ್ಯಯ ಎಂದರೆ ಹಗ್ಗದ ಹಾವಿನಂಥ ಭ್ರಾಂತಿ. ಅದರ ಪಕ್ಕದಲ್ಲೇ, ಅದೇ ಅಯಥಾರ್ಥದ ಮನೆಯಲ್ಲೇ, ತರ್ಕವನ್ನೂ ಕೂರಿಸಿದ್ದಾರೆ! ಸತ್ಯವನ್ನು ಗಟ್ಟಿ ಮಾಡಿಕೊಳ್ಳುವ ಉಪಾಯವೇ ಸತ್ಯವಲ್ಲದ ಒಂದು ಊಹೆ ಎಂಬುದನ್ನು ಅವರು ಮುಚ್ಚಿಡಲಿಲ್ಲ. ನನಗೆ ಈ ಪ್ರಾಮಾಣಿಕತೆ ಬಹಳ ಹಿಡಿಸುತ್ತದೆ.

ಈಗ ಆಡಿಗೆ ಬರೋಣ. ಒಮ್ಮೆ ಮಗಳನ್ನು ಸವಣೂರಿಗೆ ಕರೆದುಕೊಂಡು ಹೋದಾಗ ಆ ಗಿಡಗಳ ಮುಂದೆ ನಿಲ್ಲಿಸಿದೆ. ಅವಳು ಕಾಂಡವನ್ನು ಒಂದು ಸುತ್ತು ಹಾಕಿ ಬಂದಳು. ಹಿಂದೆ ಏನೂ ಇರಲಿಲ್ಲ. ಮುಖ ಸಪ್ಪಗಾದೀತೆಂದು ನಾನು ಕಾಯುತ್ತಿದ್ದರೆ, ಅವಳು ನಕ್ಕು, “ಎಲಿ ತರಾಕ ಹೋಗೈತವ್ವಾ” ಎಂದಳು. ಹಗ್ಗದ ಮುಂದೆ ದೀಪ ತಂದರೆ ಹಾವು ಹೋಗುತ್ತದೆ. ಹೋದ ಮೇಲೆ ಅದು ಸಂತೆಗೆ ಹೋಯಿತೆಂದು ಯಾರೂ ಹೇಳುವುದಿಲ್ಲ. ಇಲ್ಲಿ ದೀಪ ತಂದರೂ ಆಡು ಹೋಗಲಿಲ್ಲ. ಅವಳಿಗೆ ಮೊದಲೇ ಗೊತ್ತಿದ್ದದ್ದನ್ನೇ ಆ ಖಾಲಿ ಜಾಗ ತೋರಿಸಿತ್ತು, ಹಾಗಾಗಿ ಅದರಿಂದ ಅವಳಿಗೆ ಏನೂ ನಷ್ಟವಾಗಲಿಲ್ಲ.

ಇದನ್ನು ಪಶ್ಚಿಮದ ಮನೋವಿಜ್ಞಾನಿಗಳು ತೀರ ಇತ್ತೀಚೆಗೆ ಪರೀಕ್ಷೆಗೆ ಒಡ್ಡಿದರು. ತಾಯಿ ಬಾಳೆಹಣ್ಣನ್ನು ಕಿವಿಗಿಟ್ಟು ಫೋನಿನಲ್ಲಿ ಮಾತಾಡಿದರೆ, ಬಾಳೆಹಣ್ಣು ಎಂದರೇನು, ಫೋನ್ ಎಂದರೇನು ಎಂಬ ಮಗುವಿನ ತಿಳಿವಳಿಕೆ ಯಾಕೆ ಕಲಸಿಹೋಗುವುದಿಲ್ಲ ಎಂದು ಆಲನ್ ಲೆಸ್ಲಿ 1987ರ ಪ್ರಬಂಧವೊಂದರಲ್ಲಿ ಕೇಳಿದರು. ಅವರದೇ ಇನ್ನೊಂದು ಪ್ರಯೋಗದಲ್ಲಿ ಪುಟ್ಟ ಮಕ್ಕಳ ಮುಂದೆ ಎರಡು ಖಾಲಿ ಕಪ್ಪುಗಳಿಗೆ ಬರಿದೇ ‘ಪಾನಕ’ ಸುರಿದು, ಒಂದನ್ನು ಬೋರಲು ಮಾಡಿ, ಯಾವ ಕಪ್ಪು ಖಾಲಿ ಎಂದು ಕೇಳಿದರೆ, ಮಕ್ಕಳು ಬೋರಲು ಮಾಡಿದ್ದನ್ನೇ ತೋರಿಸಿದರು. ವಾಸ್ತವದಲ್ಲಿ ಎರಡೂ ಖಾಲಿ. ಆ ವಾಸ್ತವ ತಿಳಿದಿದ್ದೂ ಆಟದ ಒಳಗಿನ ಲೆಕ್ಕವನ್ನು ಬೇರೆಯಾಗಿ, ತಪ್ಪದೆ, ಇಡುವ ಬುದ್ಧಿ ಎರಡು ವರ್ಷದ ಆಸುಪಾಸಿಗೇ ಬಂದಿರುತ್ತದೆ. ಅಂಗನವಾಡಿಗೆ ಹೋಗುವ ಮುನ್ನವೇ ಮಕ್ಕಳು ಆಹಾರ್ಯದಲ್ಲಿ ಪಳಗಿರುತ್ತಾರೆ.

ಆದರೆ ಮಲಗಿಸಲು ನಾವು ಬಳಸುವ ಇನ್ನೊಂದು ಅಸ್ತ್ರವಿದೆ: ಗುಮ್ಮ. “ಮಕ್ಕೋ, ಇಲ್ಲಾಂದ್ರ ಗುಮ್ಮ ಬರ್ತಾನ.” ಹೊರನೋಟಕ್ಕೆ ಗುಮ್ಮನೂ ಆಡೂ ಒಂದೇ, ಎರಡೂ ಇಲ್ಲದವು. ಶಾಸ್ತ್ರದ ಕಣ್ಣಲ್ಲಿ ನೋಡಿದರೆ ಅಜಗಜಾಂತರ. ಆಡು ಇಲ್ಲವೆಂಬುದು ಇಬ್ಬರಿಗೂ ಗೊತ್ತು, ಇಬ್ಬರ ಇಚ್ಛೆಯಿಂದಲೂ ಅದು ನಡೆಯುತ್ತದೆ. ಗುಮ್ಮ ಇಲ್ಲವೆಂಬುದು ನನಗೊಬ್ಬಳಿಗೆ ಮಾತ್ರ ಗೊತ್ತು, ಮಗುವಿನ ಪಾಲಿಗೆ ಉಳಿಯುವುದು ಶುದ್ಧ ಭ್ರಾಂತಿ ಮತ್ತು ಅದರ ನಡುಕ. ಸುಳ್ಳಿಗೂ ಕಥೆಗೂ ಇರುವ ಗಡಿ ಇಷ್ಟೇ ತೆಳು, ಆದರೂ ಇಷ್ಟು ಸ್ಪಷ್ಟ. ಪುರಂದರದಾಸರ ಹಾಡೊಂದರಲ್ಲಿ ಕೃಷ್ಣ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ಅಲ್ಲಿ ಮಜವಾದ ತಿರುವಿದೆ. ಲೋಕಗಳನ್ನೇ ಹೊಟ್ಟೆಯಲ್ಲಿಟ್ಟುಕೊಂಡವನಿಗೆ ಗುಮ್ಮನ ಭಯ ಎಲ್ಲಿಂದ ಬರಬೇಕು? ಯಶೋದೆ ಮಗನನ್ನು ಹೆದರಿಸುತ್ತಿದ್ದೇನೆ ಅಂದುಕೊಂಡಿದ್ದಾಳೆ. ಆಟ ನಡೆಸುತ್ತಿರುವವನು ಮಗ. ಭಕ್ತರು ಲೀಲೆ ಎಂದು ಕರೆಯುವುದನ್ನು ತಾರ್ಕಿಕ ದೇವರ ಆಹಾರ್ಯ ಎಂದು ಕರೆದರೆ ತಪ್ಪಾಗಲಾರದು.

ಇಲ್ಲದ್ದನ್ನು ಇದೆಯೆಂದು ಇಟ್ಟುಕೊಂಡ ಮೇಲೆ ಏನು ಬೇಕಾದರೂ ಹೇಳಬಹುದೆ? ಮಕ್ಕಳು ಬಿಡುವುದಿಲ್ಲ. ಗೋವಿನ ಹಾಡನ್ನೇ ನೋಡಿ. ಹಸು ಮಾತಾಡುತ್ತದೆ, ಹುಲಿಯೂ ಮಾತಾಡುತ್ತದೆ. ಇದು ನಡೆಯದ ಸಂಗತಿ ಎಂದು ದನ ಕಾಯುವ ಹುಡುಗನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆ ನಡೆಯದ ಸಂಗತಿಯ ಒಳಗೆ ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪುವಂತಿಲ್ಲ. ತಪ್ಪಿದರೆ ಕಥೆ ಸುಳ್ಳಾಗುತ್ತದೆ. ಅಂದರೆ ಸತ್ಯಸಂಧತೆಯ ಬಗ್ಗೆ ಕನ್ನಡದ ಮಕ್ಕಳೆಲ್ಲ ಕಲಿಯುವ ಮೊದಲ ಪಾಠ, ಅಕ್ಷರಶಃ ತೆಗೆದುಕೊಂಡರೆ, ನಿಜವಲ್ಲ! ನಮ್ಮದೇ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹಚ್ಚಿ, ರಾಮನ ಮುಂದೆ ತಂದು, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಕಾಳುಗಳು ವಾದ ಮಾಡುವುದು ಕಲ್ಪನೆ. ಆದರೆ ಕೂಡಿಟ್ಟ ಭತ್ತ ಕೆಟ್ಟು ರಾಗಿ ಬಾಳುವುದು ಹಗೇವು ತೆಗೆದು ನೋಡಿದ ರೈತನ ಅನುಭವ. ತೀರ್ಪು ಆ ಅನುಭವದ ಮೇಲೆ ನಿಂತಿದೆ, ಹಾಗಾಗಿಯೇ ಮೇಲು ಜಾತಿಯ ಸೊಕ್ಕಿಗೆ ಅದು ತಾಗುತ್ತದೆ.

ಇಷ್ಟು ದೂರ ಜತೆಗೆ ಬಂದ ನೈಯಾಯಿಕ ಒಂದು ಕಡೆ ಜಗ್ಗುತ್ತಾನೆ. ‘ಬೆಂಕಿಯಿಂದ ಗಿಡಕ್ಕೆ ನೀರುಣಿಸಿದ’ ಎಂಬಂಥ ವಾಕ್ಯದಲ್ಲಿ ಪದಗಳ ಅರ್ಥ ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಅದರಿಂದ ಯಾವ ಅರಿವೂ ಹುಟ್ಟುವುದಿಲ್ಲ ಎನ್ನುತ್ತಾನೆ. ಆಹಾರ್ಯವನ್ನು ಮನಸ್ಸು ತಾನೇ ಕಂಡುಕೊಳ್ಳಬಹುದು, ಮಾತಿನಿಂದ ಪಡೆಯಲಾಗದು ಎಂಬುದು ಅವನ ಪಟ್ಟು. ಅಲಂಕಾರಶಾಸ್ತ್ರದವರಿಗೆ ಇದು ನುಂಗಲಾರದ ತುತ್ತಾಯಿತು. ಮುಖವನ್ನು ಚಂದ್ರ ಎನ್ನುವ ರೂಪಕವೆಲ್ಲ ಬರೀ ಮಾತಿನಿಂದಲೇ ಹುಟ್ಟುವ ಆಹಾರ್ಯವಲ್ಲವೆ? ಈ ವ್ಯಾಜ್ಯದಲ್ಲಿ ನನ್ನ ಸಾಕ್ಷಿ ಶಿಶುನಾಳ ಶರೀಫರು (1819–1889). ಕೋಳಿಯೊಂದು ಮಂಗನನ್ನು ನುಂಗಿದ ಅವರ ಹಾಡನ್ನು ಕೇಳಿದ ಯಾವ ಮಗುವೂ ‘ಅರ್ಥ ಹೊಂದಲಿಲ್ಲ’ ಎಂದು ಸುಮ್ಮನೆ ಕುಳಿತದ್ದನ್ನು ನಾನು ನೋಡಿಲ್ಲ. ಬಿದ್ದು ಬಿದ್ದು ನಗುತ್ತವೆ. ಕೋಳಿ ಎಷ್ಟು, ಮಂಗ ಎಷ್ಟು ಎಂದು ಗೊತ್ತಿದ್ದರೇನೇ ಆ ನಗು ಬರುವುದು. ದೊಡ್ಡವರು ಆಮೇಲೆ ಅದರಲ್ಲಿ ಅನುಭಾವ ಹುಡುಕಲಿ, ಬೇಡವೆನ್ನುವುದಿಲ್ಲ.

ಹೆದ್ದಾರಿಯಲ್ಲಿ ಹೋಗುವಾಗ ಗೊಟಗೋಡಿಯ ರಾಕ್ ಗಾರ್ಡನ್ ನೋಡಿದವರಿಗೆ ಈ ಅರಿವು ಕಣ್ಣಿನಿಂದಲೂ ಪರಿಚಯ. ಸಿಮೆಂಟಿನ ದನಗಳ ಮುಂದೆ ಮಕ್ಕಳು ಹುಲ್ಲು ಹಿಡಿಯುತ್ತವೆ, ಹಾಯುತ್ತದೆಂದು ಹಿಂದೆ ಸರಿಯುವುದಿಲ್ಲ. ಚಿತ್ರದಲ್ಲಿರುವ ಕುದುರೆಯನ್ನು ಕುದುರೆಯೆನ್ನುವ ಅರಿವು ಸತ್ಯವೂ ಅಲ್ಲ, ಭ್ರಾಂತಿಯೂ ಅಲ್ಲ, ಸಂಶಯವೂ ಅಲ್ಲ ಎಂದು ಕಾಶ್ಮೀರದ ಶಂಕುಕ ನಾಟಕದ ಬಗ್ಗೆ ವಾದಿಸಿದ್ದ. ಅಭಿನವಗುಪ್ತ ಅದನ್ನು ಒಪ್ಪಲಿಲ್ಲ, ಅದು ಬೇರೆ ಮಾತು.

ಇನ್ನು ಇಚ್ಛೆಯ ಕೀಲು. ಕಥೆಯುದ್ದಕ್ಕೂ ಆ “ಹೂಂ” ಬರುತ್ತಿರಬೇಕೆಂದು ನಮ್ಮ ಅಜ್ಜಿಯಂದಿರು ಹಟ ಹಿಡಿಯುತ್ತಿದ್ದರು. ಅದು ಕೇಳುವವಳ ಇಚ್ಛೆಯ ಸದ್ದು. ಪ್ರತಿ ಸಲವೂ ಅವಳು ಆಡಿಗೆ ಇನ್ನೊಂದು ಹೆಜ್ಜೆ ನಡೆಯಲು ಅಪ್ಪಣೆ ಕೊಡುತ್ತಿರುತ್ತಾಳೆ. ನಿದ್ದೆ ಹತ್ತಿದಂತೆ ಹೂಂ ಉದ್ದವಾಗುತ್ತದೆ, ಮೂಗಿಗೆ ಬರುತ್ತದೆ, ನಿಲ್ಲುತ್ತದೆ. ಆಡು ಆಗಲೂ ಅವಳ ಮನಸ್ಸಿನಲ್ಲಿರಬಹುದು, ಆದರೆ ಕನಸಿನ ಆಡಾಗಿ. ತನ್ನ ಗ್ರಂಥಕ್ಕೆ ತಾನೇ ಬರೆದ ವ್ಯಾಖ್ಯೆಯಲ್ಲಿ ಅನ್ನಂಭಟ್ಟ ಕನಸನ್ನು ವಿಪರ್ಯಯದ, ಅಂದರೆ ಭ್ರಾಂತಿಯ, ಗುಂಪಿಗೆ ಸೇರಿಸುತ್ತಾನೆ. ಅಲ್ಲಿ ಇದೆಲ್ಲ ಇಲ್ಲವೆಂಬ ತಿಳಿವೂ ಇಲ್ಲ, ಹಿಡಿದಿಡುವ ಇಚ್ಛೆಯೂ ಇಲ್ಲ. ಹಗಲು ಕಥೆ ಹೇಳಿದರೆ ಸೋದರಮಾವ ದಾರಿ ತಪ್ಪುತ್ತಾನೆಂದು ಹಿಂದಿ ಸೀಮೆಯಲ್ಲೊಂದು ನಂಬಿಕೆಯಿದೆ. ಮಾವನ ವಿಷಯ ನನಗೆ ಗೊತ್ತಿಲ್ಲ. ಮಧ್ಯಾಹ್ನದ ಕಥೆಯಲ್ಲಿ ದಾರಿ ತಪ್ಪುವವಳು ಬೆಳಗಿನಿಂದ ದುಡಿದು, ರೊಟ್ಟಿ ಉಂಡು, ಕೌದಿಯ ಮೇಲೆ ಮೈ ಚೆಲ್ಲಿದ ತಾಯಿ. ಮಗುವಿಗಿಂತ ಮೊದಲು ಅವಳ ಇಚ್ಛೆಯೇ ಕೈಕೊಡುತ್ತದೆ. ಬಾಯಿ ಮಾತ್ರ ತನ್ನಷ್ಟಕ್ಕೆ ನಡೆಯುತ್ತಿರುತ್ತದೆ, ಆಡು ಸಂತೆ ಬಿಟ್ಟು ಎಲ್ಲೆಲ್ಲಿಗೋ ಹೋಗುತ್ತದೆ. ನನ್ನ ರೆಪ್ಪೆಯನ್ನು ಎರಡು ಬೆರಳಿನಿಂದ ಎತ್ತಿ ಮಗಳು ಕೇಳುತ್ತಿದ್ದಳು:

“ಅವ್ವಾ, ಆಡು ರೇಶನ್ ಅಂಗಡಿಗೆ ಯಾಕ ಹೋತು?”

“ಹಾಂ? ಅಕ್ಕಿ ತರಾಕ.”

“ಸುಳ್ಳು ಹೇಳಬ್ಯಾಡ. ಆಡಿಗೆ ಕಾರ್ಡ್ ಎಲ್ಲೈತಿ?”