ರಥ ಹತ್ತೋ ಮುಂಚೆ

ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯ, 26ನೇ ವಚನದಿಂದ ತೆಗೆಯಿರಿ.

ಯೆರೂಸಲೇಮಿನಿಂದ ಗಾಜಾಕ್ಕೆ ಹೋಗೋ ದಾರಿ. ಐಥಿಯೋಪ್ಯದ ರಾಣಿಯ ಖಜಾನೆ ನೋಡಿಕೊಳ್ಳೋ ದೊಡ್ಡ ಅಧಿಕಾರಿ ರಥದಲ್ಲಿ ಕೂತು ಯೆಶಾಯನ ಗ್ರಂಥ ಓದ್ತಿದ್ದಾನೆ. ಆತ್ಮನು ಹೇಳಿದ ತಕ್ಷಣ ಫಿಲಿಪ್ಪ ಓಡಿದ. ಆದರೆ ನನಗೆ ಇಷ್ಟ ಆಗೋದು ಆಮೇಲಿನದು. ಓಡಿಹೋಗಿ ಪ್ರಸಂಗ ಶುರು ಮಾಡಲಿಲ್ಲ. ಮೊದಲು ಕೇಳಿಸಿಕೊಂಡ. ಆಮೇಲೆ, ಓದ್ತಿರೋದು ಅರ್ಥ ಆಗ್ತಿದೆಯಾ ಅಂತ ಒಂದೇ ಪ್ರಶ್ನೆ. ಆ ಮನುಷ್ಯನೇ ಹತ್ತಿ ಕೂತ್ಕೋ ಅಂತ ಕೇಳಿಕೊಂಡ ಮೇಲೇ ಫಿಲಿಪ್ಪ ರಥ ಹತ್ತಿದ್ದು. ಯೇಸುವಿನ ಮಾತು ಶುರುವಾಗಿದ್ದೂ ಅವನು ಓದ್ತಿದ್ದ ವಾಕ್ಯದಿಂದಲೇ.

ನಾವೋ? ಆಫೀಸಲ್ಲಿ ಪಕ್ಕದ ಸೀಟಿನವನ ತಂದೆ ಐಸಿಯುನಲ್ಲಿದ್ದಾರೆ. ನಾವು ವಾಟ್ಸಾಪ್‌ನಲ್ಲಿ ಒಂದು ವಚನ ಫಾರ್ವರ್ಡ್ ಮಾಡಿ ಸುವಾರ್ತೆ ಸಾರಿದೆವು ಅಂದ್ಕೊಳ್ತೇವೆ. ಅದೂ ಗುಲಾಬಿ ಹೂವಿನ ಚಿತ್ರದ ಜೊತೆ! ಆಸ್ಪತ್ರೆಗೆ ಹೋಗಿ. ಊಟ ತಗೊಂಡು ಹೋಗಿ. ರಾತ್ರಿ ಅವನ ಜೊತೆ ಹೊರಗಿನ ಕುರ್ಚಿಯಲ್ಲಿ ಕೂತಿರಿ. "ಪ್ರಾರ್ಥನೆ ಮಾಡ್ಲಾ?" ಅಂತ ಕೇಳಿ. ಬೇಡ ಅಂದ್ರೆ ಬೇಡ, ಊಟ ಮಾತ್ರ ನಾಳೆನೂ ಹೋಗಲಿ. ಆ ಟಿಫನ್ ಬಾಕ್ಸನ್ನು ಗಾಳ ಮಾಡಬೇಡಿ.

ನಂಬಿಕೆಯನ್ನು ಪ್ರಚಾರ ಮಾಡೋ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ, ನಿಜ. ರಥಕ್ಕೆ ಮಾತ್ರ ಅವನೇ ಕರೀಬೇಕು. ಹಾಗಂತ ಬಾಯಿ ಮುಚ್ಕೊಂಡಿರಿ ಅಂತಲ್ಲ. ನಿನಗೆ ಈ ಸಮಾಧಾನ ಎಲ್ಲಿಂದ ಬಂತು ಅಂತ ಅವನು ಕೇಳಿದ ದಿನ "ಏನೋ ಪಾಸಿಟಿವ್ ಥಿಂಕಿಂಗ್" ಅಂತ ಜಾರಿಕೊಳ್ಳಬೇಡಿ. ಯೇಸುವಿನ ಹೆಸರು ಹೇಳಿ.

ಈಗ ಕಣ್ಣು ಮುಚ್ಚಿ. ಯಾರೋ ಒಬ್ಬರ ಮುಖ ನೆನಪಾಗ್ತಿದೆ ಅಲ್ವಾ? ಅವರ ಹೆಸರು ಹಿಡಿದು ಪ್ರಾರ್ಥಿಸೋಣ.