ಮಸುಕಾದ ಕಣ್ಣು ಮತ್ತು ಸತ್ಯದ ಪ್ರಶ್ನೆ

ಕ್ಷಣಕ್ಷಣಕ್ಕೂ ಬದಲಾಗುವ ಬೆಳಕನ್ನೇ ಚಿತ್ರವಾಗಿಸಿದ ಇಂಪ್ರೆಷನಿಸಂ ಪಂಥದ ಫ್ರೆಂಚ್ ಕಲಾವಿದ ಕ್ಲಾಡ್ ಮೋನೆ, 1883ರಲ್ಲಿ ಜಿವರ್ನಿ ಎಂಬ ಹಳ್ಳಿಯಲ್ಲಿ ನೆಲೆಸಿ, ತಾವೇ ಬೆಳೆಸಿದ ಹೂದೋಟವನ್ನು ಇಳಿವಯಸ್ಸಿನವರೆಗೂ ಚಿತ್ರಿಸಿದರು. 1912ರಲ್ಲಿ ಅವರಿಗೆ ಕಣ್ಣಿನ ಪೊರೆ ಇರುವುದು ಪತ್ತೆಯಾಯಿತು. 1923ರ ಶಸ್ತ್ರಚಿಕಿತ್ಸೆಗೆ ಮುಂಚಿನ ವರ್ಷಗಳಲ್ಲಿ ಅವರು ಬರೆದ, ಆ ತೋಟದ ಜಪಾನೀ ಶೈಲಿಯ ಸೇತುವೆಯ ಚಿತ್ರಗಳಲ್ಲಿ ಕಮಾನು, ನೀರು, ಬಳ್ಳಿಗಳ ಅಂಚುಗಳು ಕಡುಗೆಂಪು ಮತ್ತು ಕಂದು ಬಣ್ಣದ ದಪ್ಪ ಗೆರೆಗಳಲ್ಲಿ ಕರಗಿಹೋಗುತ್ತವೆ. ಇದು ತೋಟದ ಸತ್ಯವೋ, ರೋಗದ ವಿಕಾರವೋ ಎಂದು ಕೇಳುವವರು, ನೋಡುವ ಕಣ್ಣನ್ನು ಹೊರಗಿಟ್ಟು ವಸ್ತುವನ್ನು ಅರಿಯಬಹುದೆಂದು ನಂಬಿರುತ್ತಾರೆ. ಆದರೆ ಆರೋಗ್ಯವಂತ ಕಣ್ಣೂ ವೇದಾಂತ ಹೇಳುವ ಉಪಾಧಿಯೇ, ಅಂದರೆ ಅಖಂಡವಾದುದನ್ನು ಪರಿಮಿತವಾಗಿ ತೋರಿಸುವ ಕಾರಣವೇ ಆಗಿರುವುದರಿಂದ, ತನ್ನ ಮಿತಿಯನ್ನು ಬಲ್ಲವನು ನೋಡುವುದನ್ನು ಬಿಡದೆ, ಕಂಡದ್ದನ್ನು ಕಂಡಂತೆಯೇ ನಿವೇದಿಸುವುದು ಮನುಷ್ಯನಿಗೆ ಸಾಧ್ಯವಿರುವ ಸತ್ಯನಿಷ್ಠೆಯಾಗಿದೆ.